ಹೆಸರು ಹೊರುವ ಪಿಕ್ಕು

ನಮ್ಮೂರಲ್ಲಿ ಮಾತು ತಾನಾಗಿ ಬೀದಿ ದಾಟುವುದಿಲ್ಲ. ಎದುರಿಗೆ ಕೂತವರಿಗೆ ಹೇಳಿದ್ದು ಅವರಿಗೆ ಕೇಳಿಸುತ್ತದೆ. ನಾಲ್ಕು ಮಾರು ಆಚೆ ನಿಂತವರಿಗೆ ನಮ್ಮ ಬಾಯಿ ಆಡಿದ್ದು ಕಾಣುತ್ತದೆ, ಅಷ್ಟೇ. ಮಾತು ಅಷ್ಟರಲ್ಲಿ ನಡುದಾರಿಯಲ್ಲಿ ಉದುರಿಹೋಗಿರುತ್ತದೆ. ಅದಕ್ಕೇ ಪ್ರತಿ ಮನೆಯ ಬಾಗಿಲ ಚೌಕಟ್ಟಿಗೂ ಒಂದು ದಪ್ಪ ತಂತಿ ಬಿಗಿದಿರುತ್ತದೆ. ಅದನ್ನು ಮೀಟಿ, ಗುಂಯ್ ಎಂದು ಏಳುವ ದನಿಯ ಬೆನ್ನ ಮೇಲೆ ಮಾತನ್ನು ಕೂರಿಸಿ ಕಳಿಸಬೇಕು. ಮಕ್ಕಳನ್ನು ಊಟಕ್ಕೆ ಕರೆಯುವ ತಾಯಂದಿರು ಹಾಗೆಯೇ ಕರೆಯುತ್ತಾರೆ. ಸೊಪ್ಪಿನ ಗಾಡಿಯವನು ಗಾಡಿಯ ಹಿಡಿಗೆ ತಂತಿ ಕಟ್ಟಿಕೊಂಡಿದ್ದಾನೆ. ಮೇಗಲ ಕೇರಿಯ ಸಾವಂತ್ರವ್ವನಿಗೂ ಎದುರುಮನೆಯ ಅಂಬಕ್ಕನಿಗೂ ಜಗಳವಾದಾಗ ಇಬ್ಬರೂ ಸರದಿಯ ಮೇಲೆ ಮೀಟುತ್ತಾರೆ, ಸರದಿಯ ಮೇಲೆ ಬೈಯುತ್ತಾರೆ. ಒಮ್ಮೆ ಜಗಳದ ನಡುವೆ ಅಂಬಕ್ಕನ ತಂತಿ ಹರಿಯಿತು. ಅವಳು ಸೀರೆ ಎತ್ತಿ ಕಟ್ಟಿ, ಬೀದಿ ದಾಟಿ ಬಂದು, "ಸರಿಯೇ ಆಚೆ, ನಿನ್ನ ತಂತಿ ಕೊಡು. ನಂದಿನ್ನೂ ಮುಗಿದಿಲ್ಲ" ಅಂದಳು. ಸಾವಂತ್ರವ್ವ ಸರಿದು ಜಾಗ ಬಿಟ್ಟಳು. ಎದುರಿಗೇ ನಿಂತು ಬೈಯುವುದಕ್ಕೆ ತಂತಿ ಯಾಕೆ ಎಂದು ಇಬ್ಬರಲ್ಲಿ ಒಬ್ಬಳೂ ಕೇಳಲಿಲ್ಲ. ಬೈಗುಳ ಕೇರಿಗೆಲ್ಲ ಕೇಳಬೇಕಲ್ಲ.

ನನ್ನ ಹೆಸರು ನೇಮಣ್ಣ. ನನ್ನದು ಹಿಟ್ಟಿನ ಗಿರಣಿ. ಗಿರಣಿ ತಿರುಗುವಾಗ ಅದರ ಗುಡುಗು ಒಳಗೆ ಆಡಿದ ಮಾತನ್ನೆಲ್ಲ ಹೊತ್ತುಕೊಂಡು ಹಿಂದಿನ ಕೇರಿಯವರೆಗೂ ಹೋಗಿ ಹಂಚಿಬರುತ್ತದೆ. ಮಗಳ ಮದುವೆಯ ಮಾತುಕತೆ, ಅತ್ತೆಯ ಸೊಂಟದ ನೋವು, ಯಾವುದೂ ಅಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ಅಂಥ ಕಡೆ ಇಡೀ ಆಯುಷ್ಯ ಕಳೆದವನು ಮಾತು ಕಡಿಮೆ ಮಾಡಿಕೊಳ್ಳದೆ ಇನ್ನೇನು ಮಾಡಿಯಾನು? ನಾನು ಕೇಳುವುದನ್ನು ಕಲಿತೆ. ಅದಕ್ಕಿಂತ ಮೊದಲೇ ಕಲಿತಿದ್ದೆ ಅನ್ನಬೇಕು. ನಮ್ಮವ್ವ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಓದಿನ ಚಾವಡಿಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ಹೊಳೆಯಮ್ಮನ ಕಥೆಯನ್ನು ಪದ್ಯ ಪದ್ಯವಾಗಿ ರಾಗವೆಳೆದು ಓದುವುದನ್ನು ಕೇಳುತ್ತಲೇ ನನಗೆ ನಿದ್ದೆ ಬರುತ್ತಿತ್ತು, ಕೇಳುತ್ತಲೇ ಎಚ್ಚರವಾಗುತ್ತಿತ್ತು. ಅರ್ಥ ಆಮೇಲೆ ಬಂತು. ಈಗಲೂ ಬೆಳಗ್ಗೆ ಗಿರಣಿಯ ಬಾಗಿಲು ತೆಗೆಯುವಾಗ ಆ ಪದ್ಯಗಳಲ್ಲಿ ಒಂದಾದರೂ ನನ್ನ ತುಟಿಯ ಮೇಲೆ ಇರುತ್ತದೆ. ಗಿರಣಿ ಶುರುವಾಗುವ ಮೊದಲು ಮುಗಿಸಿಬಿಡುತ್ತೇನೆ, ನನ್ನ ಕೆಟ್ಟ ರಾಗ ಊರಿಗೆಲ್ಲ ಯಾಕೆ?

ಚಾವಡಿಯಲ್ಲಿ ಓದುವವರು ಶಾಂತವೀರಯ್ಯನವರು. ಅವರ ಪಕ್ಕದಲ್ಲಿ ಬೇಸ್ ಗಿಟಾರ್ ಹಿಡಿದು ಕೂರುವವಳು ಚಂದ್ರಭಾಗಿ. ಮೊದಲು ಅಲ್ಲಿ ಒಂದು ದೊಡ್ಡ ಬುರುಡೆಯ ಒಂಟಿ ತಂತಿಯ ವಾದ್ಯವಿತ್ತು. ಅದು ಬಿರುಕು ಬಿಟ್ಟ ವರ್ಷವೇ ಊರಿಗೆ ಒಂದು ಆರ್ಕೆಸ್ಟ್ರಾ ಬಂತು. ಹಾಡುವವರು ಎಷ್ಟು ಕಿರುಚಿದರೂ ಜನಕ್ಕೆ ಕೇಳಿಸಿದ್ದು ಮೂಲೆಯಲ್ಲಿ ನಿಂತ ಬೇಸ್ ಗಿಟಾರಿನ ಹುಡುಗ ಮೀಟಿದಾಗ ಮಾತ್ರ. ಕೊನೆಗೆ ಊರವರು ಹಾಡುಗಾರರನ್ನೆಲ್ಲ ಬಿಟ್ಟು ಅವನ ಕೊರಳಿಗೆ ಹಾರ ಹಾಕಿದರು. ಆತ ಅದಕ್ಕೆ ಮುಂಚೆ ಎಲ್ಲೂ ಹಾರ ಕಂಡವನಲ್ಲ. ಇಲ್ಲೇ ಉಳಿದ, ಇಲ್ಲೇ ಮದುವೆಯಾದ. ಅವನ ಮಗಳೇ ಚಂದ್ರಭಾಗಿ. ಚಾವಡಿಯಲ್ಲಿ ಅಪ್ಪ ಬೆರಳಿನಿಂದಲೇ ನುಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಮಗಳು ಗಿಟಾರನ್ನೂ ಆ ಜಾಗವನ್ನೂ ವಹಿಸಿಕೊಂಡು ಬೆರಳಿನಿಂದಲೇ ನುಡಿಸಿದಳು.

ನನಗೂ ಚಾವಡಿಯಲ್ಲಿ ಒಂದು ಕೆಲಸವಿದೆ. ಕೊನೆಯ ಸಾಲಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂರುವುದು. ಓದು ಮುಗಿಯುವ ದಿನ, ಹಿಂದಿನ ಮಳೆಗಾಲದಿಂದೀಚೆಗೆ ಹುಟ್ಟಿದ ಕೂಸುಗಳಿಗೆ ಹೆಸರು ಇಡುತ್ತಾರೆ. ತಾಯಿ ಹೆಸರನ್ನು ಓದುವವರ ಕಿವಿಯಲ್ಲಿ ಮಾತ್ರ ಹೇಳಿರುತ್ತಾಳೆ. ಹೊಳೆಯಮ್ಮ ಆಚೆ ದಡದಲ್ಲಿ ನಿಂತು ತನ್ನ ಮೊದಲ ಮಗುವನ್ನು ಕೂಗುವ ಪದ್ಯ ಬಂದಾಗ ಓದುವವರು ಆ ಕೂಗಿನ ಜಾಗದಲ್ಲಿ ಕೂಸಿನ ಹೆಸರು ಹೇಳುತ್ತಾರೆ. ಅದು ಕೊನೆಯ ಸಾಲಿಗೆ ತಲುಪಬೇಕು. ತಲುಪಿದರೆ ಅಲ್ಲಿ ಕೂತವನು ಎದ್ದು, ಹಿಂಗೋಡೆಯ ತಂತಿ ಮೀಟಿ, ಹೆಸರನ್ನು ತಿರುಗಿ ಹೇಳಿ "ಬಂತು" ಅನ್ನಬೇಕು. ಆಗ ಅದು ಹೆಸರು. ತಲುಪದಿದ್ದರೆ ಅವನು ಕೂತೇ ಇರಬೇಕು. ಬಿದ್ದ ಹೆಸರನ್ನು ಮರುವರ್ಷ ಇನ್ನೊಂದು ಸಲ ಎತ್ತಬಹುದು. ಆಗಲೂ ಬಿದ್ದರೆ ಮುಗಿಯಿತು. ಹೆಣ್ಣಾದರೆ ಚಾವಡೆಮ್ಮ, ಗಂಡಾದರೆ ಚಾವಡೆಪ್ಪ ಅಂತ ಮುಂದಿನ ಸಾಲಿನ ಹಿರಿಯರು ಕರೆದುಬಿಡುತ್ತಾರೆ. ನಮ್ಮೂರ ಸಂತೆಯಲ್ಲಿ "ಚಾವಡೆಪ್ಪಾ" ಅಂದರೆ ತಿರುಗಿ ನೋಡುವವರು ಒಬ್ಬಿಬ್ಬರಲ್ಲ. ಅವರ ತಾಯಂದಿರು ಏನು ಬಯಸಿದ್ದರೋ, ಅದನ್ನು ಆಮೇಲೆ ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ.

ಹೋದ ವರ್ಷ ಹೆಸರಿಡಬೇಕಾಗಿದ್ದದ್ದು ಒಂದೇ ಕೂಸಿಗೆ. ಅದು ಚಂದ್ರಭಾಗಿಯ ಮಗಳು. ಅದೇ ವರ್ಷ, ಚಾವಡಿಯ ಖರ್ಚುವೆಚ್ಚ ನೋಡಿಕೊಳ್ಳುವ ಪದ್ಮಯ್ಯ ಶೆಟ್ಟರು, ಜನ ಬಿಸಿಲಲ್ಲಿ ನಿಂತು ಕೇಳುತ್ತಾರೆಂದು ಮರುಗಿ, ಹಿಂದಿನ ಗೋಡೆ ಒಡೆಸಿ ಚಾವಡಿಯನ್ನು ಉದ್ದ ಮಾಡಿಸಿದ್ದರು. ನೆರಳಾಯಿತು, ಆದರೆ ಕೊನೆಯ ಸಾಲು ದೂರವಾಯಿತು. ಪದ್ಯ ಬಂತು, ಕೂಗು ಬಂತು. ಚಂದ್ರಭಾಗಿ ಬೆರಳಿನಿಂದ ಮೀಟಿದ ದನಿ ಹಳೆಯ ಗೋಡೆ ಇದ್ದ ಕಡೆಗೆ ಬಂದು ಅಲ್ಲಿ ಸುಸ್ತಾಗಿ ಕೂತುಬಿಟ್ಟಿತು. ಶಾಂತವೀರಯ್ಯನವರ ತುಟಿ ಅಲುಗಿದ್ದು ನನಗೆ ಕಂಡಿತು. ಇಡೀ ಚಾವಡಿ ತಿರುಗಿ ನನ್ನನ್ನೇ ನೋಡುತ್ತಿತ್ತು. ನಾನು ಕೂತೇ ಇದ್ದೆ. ಅಂದಿನಿಂದ ಚಂದ್ರಭಾಗಿ ನನ್ನ ಗಿರಣಿಗೆ ಬರುವುದನ್ನು ಬಿಟ್ಟಳು.

ಈ ವರ್ಷದ ಓದು ಶುರುವಾಗಿ ಕೆಲವು ದಿನವಾಗಿತ್ತು. ಒಂದು ಮಧ್ಯಾಹ್ನ ಅವಳು ರಾಗಿಯ ಚೀಲ ಕಂಕುಳಲ್ಲಿಟ್ಟು, ಮಗುವನ್ನು ನಡೆಸಿಕೊಂಡು ಬಂದಳು. ಬಾಗಿಲಲ್ಲೇ ನಿಂತು ಕೈಸನ್ನೆ ಮಾಡಿದಳು. ನಾನು ಗಿರಣಿ ನಿಲ್ಲಿಸಿದೆ.

"ರಾಗಿ ಬೀಸ್ಬೇಕೇನವ್ವ?"

"ಬೀಸೋರಂತೆ. ಮೊದ್ಲು ಒಂದು ಮಾತು ಕೇಳ್ತೀನಿ ಮಾವ. ಹೋದ ವರ್ಷ ನೀವು ಎದ್ದು ಬಂತು ಅಂದ್ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಏನು ಬಂತು ಅಂತ ಹೇಳ್ಬೇಕಿತ್ತಲ್ಲವ್ವ. ನಂಗೇನು ಗೊತ್ತಿತ್ತು ನೀನು ಏನಿಟ್ಟಿದ್ದೆ ಅಂತ?"

ಅವಳು ಚೀಲ ಕೆಳಗಿಳಿಸಿದಳು. "ಅದೂ ಸರಿಯೇ" ಅಂದಳು. "ವರ್ಷವೆಲ್ಲಾ ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡು ಬಸ್ ಸ್ಟ್ಯಾಂಡ್ ಹತ್ರದ ಗಿರಣಿಗೆ ಹೋದೆ. ಅವನು ರಾಗಿ ಜೊತೆ ಅಷ್ಟು ಕಲ್ಲನ್ನೂ ಬೀಸಿ ಕೊಡ್ತಾನೆ."

"ಈಗ ಸಿಟ್ಟು ಇಳೀತಾ?"

"ಸಿಟ್ಟು ಇಳೀಲಿಲ್ಲ. ಹಲ್ಲು ನೋಯ್ತಿದೆ."

ನಾನು ನಕ್ಕೆ. ಅವಳಿಗೂ ತುಟಿಯ ಕೊನೆಯಲ್ಲಿ ನಗು ಬಂತು. ಆಮೇಲೆ ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಒಂದು ಚಿಕ್ಕ ತಗಡಿನ ಡಬ್ಬಿ ತೆಗೆದು ನನ್ನ ಮುಂದೆ ಹಿಟ್ಟಿನ ಮಣೆಯ ಮೇಲೆ ಬೋರಲು ಹಾಕಿದಳು. ಬಣ್ಣಬಣ್ಣದ ಬಿಲ್ಲೆಗಳು ಬಿದ್ದವು. ಬೆರಳ ತುದಿಯಲ್ಲಿ ಹಿಡಿದು ತಂತಿ ಮೀಟುವ, ಮೂರು ಮೂಲೆಯ ಪಿಕ್ಕುಗಳು. ಕೆಲವು ಅವಳಪ್ಪನ ಆರ್ಕೆಸ್ಟ್ರಾ ಕಾಲದವು. ಕೆಲವನ್ನು ಬಸ್ಸಿನ ಕಂಡಕ್ಟರಾಗಿರುವ ಅವಳ ಗಂಡ ದಾಮೋದರ ಎಲ್ಲೆಲ್ಲಿಂದಲೋ ಹುಡುಕಿ ತಂದಿದ್ದ.

"ಬೆರಳಿಂದ ಆಗೋ ಕೆಲಸ ಅಲ್ಲ ಇದು" ಅಂದಳು. "ಗಿಟಾರಿನ ಸ್ಪೀಕರ್ ಪೆಟ್ಟಿಗೆಯ ಕಿವಿ ಹಿಂಡಿ ಸದ್ದು ಜೋರು ಮಾಡಿ ನೋಡ್ದೆ. ಸದ್ದು ಹೋಗುತ್ತೆ, ಮಾತು ಕೆಳಗೆ ಬೀಳುತ್ತೆ. ಪಿಕ್ಕೇ ಹಿಡೀಬೇಕು. ಯಾವುದು ಅಂತ ನಂಗೆ ಗೊತ್ತಾಗಲ್ಲ ಮಾವ. ಗಿಟಾರು ತೊಡೆ ಮೇಲಿಟ್ಕೊಂಡೋಳಿಗೆ ಎಲ್ಲಾ ಚೆನ್ನಾಗೇ ಕೇಳುತ್ತೆ. ನೀವು ನಿಮ್ಮ ಜಾಗದಲ್ಲಿ ಕೂತು ಕೇಳ್ಬೇಕು. ಸುಳ್ಳು ಹೇಳದೋರು ನೀವೊಬ್ರೇ ಅಂತ ನಂಗೆ ಚೆನ್ನಾಗಿ ಗೊತ್ತಾಗಿದೆ."

ಅದನ್ನು ಹೊಗಳಿಕೆಯಾಗಿ ಹೇಳಿದಳೋ ಇಲ್ಲ ಚುಚ್ಚಿದಳೋ, ನಾನು ಕೇಳಲಿಲ್ಲ. ರಾಗಿ ಬೀಸಿಕೊಟ್ಟೆ. ಗಿರಣಿ ಮುಚ್ಚಿ ಚಾವಡಿಗೆ ಹೋದೆ.

ಮಧ್ಯಾಹ್ನ ಚಾವಡಿ ಖಾಲಿ ಇರುತ್ತದೆ. ಅವಳು ಮುಂದೆ ಓದುವವರ ಜಗಲಿಯ ಮೇಲೆ, ನಾನು ಹಿಂಗೋಡೆಗೆ. ಮಗು ಒಂದಿಷ್ಟು ಹೊತ್ತು ನಡುವೆ ಓಡಾಡಿ, ಆಮೇಲೆ ನನ್ನ ಮಡಿಲಿಗೆ ಬಂದು ಅಂಗಿಯ ಗುಂಡಿಗಳನ್ನು ಪರೀಕ್ಷೆ ಮಾಡತೊಡಗಿತು. ಚಂದ್ರಭಾಗಿ ಒಂದೊಂದು ಪಿಕ್ಕಿನಿಂದ ಮೀಟಿ ಒಂದೊಂದು ಮಾತು ಹೇಳುವುದು, ಬಂದರೆ ನಾನು ಕೈ ಎತ್ತುವುದು ಎಂದು ಮಾತಾಗಿತ್ತು. ಅವಳು ತರಕಾರಿಯಿಂದ ಶುರು ಮಾಡಿದಳು. ತೆಳು ಪಿಕ್ಕು ತಂತಿಗೆ ತಗುಲಿದ ಕೂಡಲೇ ಬಾಗಿ ಪಟಪಟ ಅಂದಿತೇ ಹೊರತು ದನಿಗೆ ಮೈ ಇರಲಿಲ್ಲ. ಹೀರೇಕಾಯಿ ಅರ್ಧದಾರಿಯಲ್ಲಿ ಬಿತ್ತು. ಆಮೇಲೆ ಅವಳಪ್ಪನ ಕಾಲದ ಒಂದು ದಪ್ಪ ಪಿಕ್ಕು. ಅದರ ಚೂಪು ಮೊನೆ ತಂತಿಯ ಮೇಲೆ ಟಕ್ ಅಂದಿತು. ಆ ಟಕ್ ಎನ್ನುವುದು ಮುಂದೆ ಮುಂದೆ ಓಡಿ ನನ್ನ ಕಿವಿಗೆ ಬಂದು ಬಡಿಯಿತು, ಬದನೇಕಾಯಿ ಹಿಂದೆಯೇ ಉಳಿಯಿತು. ಅವಳು ಅದನ್ನು ಡಬ್ಬಿಗೆ ಎಸೆದಳು. ತೆಂಗಿನ ಚಿಪ್ಪಿನಿಂದ ಕೆತ್ತಿದ್ದು, ಸೋಪಿನ ಡಬ್ಬಿಯ ಮುಚ್ಚಳ ಕತ್ತರಿಸಿದ್ದು, ಯಾವುದಕ್ಕೂ ನನ್ನ ಕೈ ಮೇಲೇಳಲಿಲ್ಲ. ಹೀಗೇ ಮೂರ್ನಾಲ್ಕು ಮಧ್ಯಾಹ್ನ ಕಳೆದವು.

ಸುದ್ದಿ ಶೆಟ್ಟರಿಗೆ ಮುಟ್ಟಿತು. ಅವರು ಸಣ್ಣ ಮನಸ್ಸಿನವರಲ್ಲ. ಚಾವಡಿಯನ್ನು ಉದ್ದ ಮಾಡಿಸಿದ್ದರಿಂದಲೇ ಒಂದು ಕೂಸು ಹೆಸರಿಲ್ಲದೆ ಉಳಿಯಿತೆಂದು ಅವರಿಗೂ ಒಳಗೊಳಗೆ ಕೊರೆಯುತ್ತಿತ್ತು. ಒಂದು ದಿನ ಅಕ್ಕಸಾಲಿಗನಿಂದ ಮಾಡಿಸಿದ ಬೆಳ್ಳಿಯ ಪಿಕ್ಕನ್ನು ವೀಳ್ಯದೆಲೆಯ ಮೇಲಿಟ್ಟುಕೊಂಡು ಚಾವಡಿಗೇ ಬಂದರು.

"ತಗೋಮ್ಮ. ಇದರಿಂದ ಮೀಟು. ನಾನು ಮಾತಾಡ್ತೀನಿ, ನೇಮಣ್ಣ ಕೇಳ್ಲಿ" ಅಂತ ತಮ್ಮ ಮಾಮೂಲಿ ಜಾಗದಲ್ಲಿ, ಮುಂದಿನ ಸಾಲಿನ ನಡುವೆ, ಕೂತರು. ಅವಳು ಮೀಟಿದಳು. ಅದರ ದನಿ ಗಂಟೆಯ ಹಾಗೆ ಎದ್ದಿತು. ಅದರ ಮೇಲೆ ಶೆಟ್ಟರ ಗಂಟಲು, ಅದೂ ಸಣ್ಣದಲ್ಲ, ಕುದುರೆ ಏರಿ ಬಂದ ಹಾಗೆ ಬಂದು ನನ್ನ ಮುಂದೆ ಇಳಿಯಿತು: "ನೇಮಣ್ಣಾ, ಕೇಳ್ತಾ?"

ಕೈ ಎತ್ತಿದೆ. ಶೆಟ್ಟರು ತೊಡೆ ತಟ್ಟಿದರು. "ಆಯ್ತಲ್ಲ ಮತ್ತೆ! ಬೆಳ್ಳಿ ಅಂದ್ರೆ ಬೆಳ್ಳಿ" ಅಂದು ಎದ್ದು ಹೋದರು. ಅವರು ಹೋದ ಮೇಲೆ ಚಂದ್ರಭಾಗಿ ಅದೇ ಬೆಳ್ಳಿಯಿಂದ ಮೀಟಿ ತನ್ನ ದನಿಯಲ್ಲಿ ಏನೋ ಹೇಳಿದಳು. ಗಂಟೆ ಬಂತು, ಮಾತು ಬರಲಿಲ್ಲ. ಕೈ ಮಡಿಲಲ್ಲೇ ಉಳಿಯಿತು. ಅವಳು ಇನ್ನೊಮ್ಮೆ ಹೇಳಿದಳು. ಮತ್ತೊಮ್ಮೆ. ಕೊನೆಗೆ ಪಿಕ್ಕನ್ನು ಎಲೆಯ ಮೇಲೆ ಇಟ್ಟು ಅಷ್ಟು ದೂರದಿಂದ ನನ್ನನ್ನು ನೋಡಿದಳು. ನಮ್ಮಿಬ್ಬರಿಗೂ ಒಂದೇ ಯೋಚನೆ: ಬರುವುದಿಲ್ಲ ಎಂದು ಶೆಟ್ಟರಿಗೆ ಹೇಳುವವರು ಯಾರು?

ಮರುದಿನ ನಾನು ಗಿರಣಿಯ ಹಳೆಯ ಬೆಲ್ಟಿನ ಒಂದು ತುಂಡು ಕತ್ತರಿಸಿ ತಂದೆ. ರಬ್ಬರು ಮೆತ್ತಿದ ಕ್ಯಾನ್ವಾಸು, ಸವೆದು ಮೆತ್ತಗಾಗಿತ್ತು. ಅದರಿಂದ ಮೀಟಿದರೆ ಮುಂದೆ ಕೂತವರಿಗೆ ಗೋಣಿಚೀಲ ಬಡಿದ ಹಾಗೆ ಕೇಳುತ್ತದೆ. ಚಂದ್ರಭಾಗಿ ಮುಖ ಕಿವುಚಿದಳು. ಆದರೂ ಮೀಟಿ, ಬೇಸತ್ತ ದನಿಯಲ್ಲಿ "ಕುಂಬಳಕಾಯಿ" ಅಂದಳು. ಆ ಕುಂಬಳಕಾಯಿ ಒಂದು ಚೂರೂ ಜಖಂ ಆಗದೆ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು! ಎರಡೂ ಕೈ ಎತ್ತಿದೆ. ಅವಳು ನುಗ್ಗೇಕಾಯಿ ಕಳಿಸಿದಳು, ಗಂಡನ ಹೆಸರು ಕಳಿಸಿದಳು, ನನಗೊಂದು ಬೈಗುಳ ಕಳಿಸಿದಳು. ಎಲ್ಲಾ ಬಂದವು. ಅವಳು ಗಿಟಾರು ಕೆಳಗಿಟ್ಟು ಜಗಲಿಯಿಂದ ಹಾರಿ ಓಡಿಬಂದು ಮಗುವನ್ನು ನನ್ನ ಮಡಿಲಿಂದ ಎತ್ತಿಕೊಂಡಳು. "ಸಿಕ್ತು ಕಣೇ, ಸಿಕ್ತು" ಅಂತ ಅದರ ಹೊಟ್ಟೆಗೆ ಮುಖ ಉಜ್ಜಿದಳು.

ಓದು ಮುಗಿಯುವ ಹಬ್ಬದ ಮುಂಚಿನ ದಿನ ಶಾಂತವೀರಯ್ಯನವರನ್ನು ಕರೆಸಿ ಒಂದು ಸಲ ನೋಡಿಬಿಡೋಣ ಎಂದುಕೊಂಡೆವು. ನೋಡುವುದೇನಿದೆ, ಸುಮ್ಮನೆ ಸಮಾಧಾನಕ್ಕೆ. ಅವರು ಕೋಲೂರಿಕೊಂಡು ಬಂದು ಕೂತು, ಗಂಟಲು ಸರಿಮಾಡಿಕೊಂಡು, ಕೂಗಿನ ಪದ್ಯದ ಮೊದಲರ್ಧ ಎತ್ತಿಕೊಂಡರು. ನನಗೆ ಆ ಪದ್ಯ ಬಾಯಿಪಾಠ:

ಹೊಳೆಯ ದಾಟಿದಳಮ್ಮ ನೀರೊಳ
ಸುಳಿಯ ಕಣ್ಣಲಿ ಕಣ್ಣನಿರಿಸುತ
ಬಳೆಯ ಸದ್ದಿಗೆ ಮೀನು ಬೆದರದ ಹಾಗೆ ಮೆಲ್ಲನೆ ತಾ

ಬಾಯಿಪಾಠ ಇದ್ದದ್ದು ಒಳ್ಳೆಯದಾಯಿತು, ಯಾಕೆಂದರೆ ಅದರಲ್ಲಿ ಒಂದಕ್ಷರವೂ ನನಗೆ ಬರಲಿಲ್ಲ. ಬೆಲ್ಟಿನ ದನಿ ದೊಪ್ ಎಂದು ಬಂದು ದೊಪ್ ಎಂದು ಮುಗಿಯುತ್ತಿತ್ತು. ಅವರ ತುಟಿ ಅದಾದ ಮೇಲೆ ಅಲುಗುತ್ತಿತ್ತು. ನಾನು ಕೂತೇ ಇದ್ದೆ. ಚಂದ್ರಭಾಗಿಯ ಮುಖ ಹೋದ ವರ್ಷದ ಮುಖವಾಯಿತು.

ನಾನು ಎದ್ದು ಜಗಲಿಯ ಹತ್ತಿರ ಹೋದೆ. ಅಷ್ಟು ದಿನ ನಾವು ಮಾಡಿದ ತಪ್ಪು ನಡೆಯುತ್ತಾ ನಡೆಯುತ್ತಾ ನನಗೆ ತಿಳಿಯಿತು. ಶೆಟ್ಟರು ತಮ್ಮ ಗಂಟಲಿಗೆ ಹೊಂದುವ ಪಿಕ್ಕು ಮಾಡಿಸಿದ್ದರು. ಚಂದ್ರಭಾಗಿ ತನ್ನ ಗಂಟಲಿಗೆ ಹೊಂದುವ ಪಿಕ್ಕನ್ನು ಆರಿಸಿಕೊಂಡಿದ್ದಳು. ನಾಳೆ ಹೆಸರು ಹೇಳುವವರು ಅವರಿಬ್ಬರೂ ಅಲ್ಲ. ಶಾಂತವೀರಯ್ಯನವರ ದನಿಯನ್ನು ನಾನು ಅವ್ವನ ಸೆರಗಿನೊಳಗಿಂದ ಕೇಳುತ್ತಾ ಬಂದವನು. ಈಚೆಗೆ ಅವರು ಮಾತು ತೆಗೆಯುವ ಮೊದಲು ಒಂದು ಉಸಿರು ಎಳೆದುಕೊಳ್ಳುತ್ತಾರೆ, ಆಮೇಲೆ ಸಣ್ಣಗೆ ನಡುಗುತ್ತಾರೆ, ಮಾತು ಹೊರಬೀಳುವುದು ಅದಾದ ಮೇಲೆ. ನಾನು ಇದನ್ನು ಹೇಗೆ ಹೇಳಲಿ ಎಂದು ಹಿಂದೆ ಮುಂದೆ ನೋಡುತ್ತಿದ್ದೆ. ಅವರೇ ಹೇಳಿದರು.

"ನೀನು ನಿನ್ನ ಗಂಡ ಬಸ್ ಬಿಟ್ಟ ಹಾಗೆ ಬಿಡ್ತೀಯ ಕಣಮ್ಮ. ನಾನು ಕಾಲಿಡೋದ್ರೊಳಗೆ ರೈಟ್ ರೈಟ್ ಅಂದಿರ್ತೀಯ."

"ಹಾಗಾದ್ರೆ ಏನು ಮಾಡ್ಲಿ ಅಜ್ಜ?" ಅವಳು ಮಗುವಿನ ಕಡೆ ಕೈ ತೋರಿದಳು. "ನಾಳೆ ಬೀಳೋ ಹೆಸರು ಎಷ್ಟು ಚೆನ್ನಾಗಿದೆ ಅಂತ ನಿಮಗೊಬ್ರಿಗೇ ಗೊತ್ತು. ಇವಳನ್ನ ಜನ್ಮವೆಲ್ಲಾ ಚಾವಡೆಮ್ಮ ಅಂತ ಕರೀಲಾ? ಈ ಮುಖ ನೋಡಿ. ಇದು ಚಾವಡೆಮ್ಮನ ಮುಖನಾ?"

ಮಗು ಆ ಹೊತ್ತಿಗೆ ಡಬ್ಬಿಯಿಂದ ಪಿಕ್ಕುಗಳನ್ನೆಲ್ಲ ಹೊರಗೆಳೆದು ಜಗಲಿಯ ಮೇಲೆ ಸಾಲಾಗಿ ಮಲಗಿಸಿತ್ತು. ಶಾಂತವೀರಯ್ಯನವರು ಬಗ್ಗಿ ಒಂದನ್ನು ಎತ್ತಿಕೊಂಡರು. ಮೊದಲ ದಿನ ಟಕ್ ಎಂದು ನಾವು ಎಸೆದಿದ್ದ, ಅವಳಪ್ಪನ ಕಾಲದ ಆ ದಪ್ಪ ಪಿಕ್ಕು.

"ಈ ಬಿಲ್ಲೆಯಿಂದ ಹೇಗಮ್ಮ ಮೀಟೋದು?" ಅಂತ ಅವಳ ತೊಡೆಯ ಮೇಲಿದ್ದ ಗಿಟಾರಿನ ಅತಿ ದಪ್ಪ ತಂತಿಯನ್ನು ಎಳೆದರು. ಚೂಪು ಮೊನೆಯನ್ನು ಬೆರಳುಗಳ ನಡುವೆ ಹಿಡಿದಿದ್ದರು. ತಂತಿಗೆ ತಗುಲಿದ್ದು ಸವೆದು ಗುಂಡಗಾಗಿದ್ದ, ಪಿಕ್ಕಿನ ಹೆಗಲ ಕಡೆಯ ಮೂಲೆ.

"ಅಯ್ಯೋ ಅಜ್ಜ, ತಿರುಗಾಮುರುಗಾ ಹಿಡ್ದಿದ್ದೀರಿ."

"ನಂಗೇನು ಗೊತ್ತು ಅದರ ತಲೆ ಯಾವುದು, ಬಾಲ ಯಾವುದು ಅಂತ?" ಅಂದರು. ಅವರು ಅಷ್ಟು ಹೇಳಿ ಮುಗಿಸಿದರೂ ತಂತಿ ಇನ್ನೂ ಗುಂಯ್ಯೆನ್ನುತ್ತಲೇ ಇತ್ತು.

ನಾವಿಬ್ಬರೂ ಅದನ್ನು ಗಮನಿಸಿದೆವು. ಟಕ್ ಇರಲಿಲ್ಲ. ದೊಪ್ ಕೂಡ ಇರಲಿಲ್ಲ. ದನಿ ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಹಾಗೆ ಶುರುವಾಗಿ, ಯಾರಿಗೋ ಕಾದು ನಿಂತ ಹಾಗೆ ನಿಂತಿತ್ತು. ಚಂದ್ರಭಾಗಿ ನನ್ನನ್ನು ನೋಡಿದಳು. ನಾನು ನನ್ನ ಜಾಗಕ್ಕೆ ನಡೆದೆ. ಓಡಿದೆ ಅಂದರೂ ತಪ್ಪಿಲ್ಲ. ಅವಳು ಅವರ ಕೈಯಿಂದ ಪಿಕ್ಕು ತೆಗೆದುಕೊಂಡು, ಅವರು ಹಿಡಿದ ಹಾಗೆಯೇ ತಿರುಗಾಮುರುಗಾ ಹಿಡಿದು, ಮೀಟಿದಳು. ದನಿ ಬಂತು. ಅದರ ಮೇಲೆ ಮೊದಲು ಅವರ ಉಸಿರು ಬಂತು, ಆ ನಡುಕ ಬಂತು, ಅದರ ಹಿಂದೆ ಹೊಳೆಯ ದಾಟಿದಳಮ್ಮ. ಗೋಡೆ ಒಡೆಸಿದಂದಿನಿಂದ ಅವರ ಪದ್ಯ ನನಗೆ ಹೀಗೆ ಇಡಿಯಾಗಿ ಬಂದಿರಲಿಲ್ಲ. ನಾನು ಕೈ ಎತ್ತುವುದನ್ನು ಮರೆತೆ. ಕೈ ಮುಗಿದು ಕೂತುಬಿಟ್ಟಿದ್ದೆನಂತೆ. ಬಂತೋ ಇಲ್ಲವೋ ತಿಳಿಯದೆ ಅವಳು ಅಲ್ಲಿ ಒದ್ದಾಡಿಹೋದಳಂತೆ. ಆಮೇಲೆ ಅದಕ್ಕೊಂದು ಬೈಗುಳ ತಿಂದೆ.

ಮರುದಿನ ಚಾವಡಿ ತುಂಬಿತ್ತು. ದಾಮೋದರ ರಜೆ ಹಾಕಿ ಬಂದು ಕಂಬದ ಹತ್ತಿರ ಕೂತಿದ್ದ. ಟಿಕೇಟು ಹರಿಯುವವನ ಹಾಗೆ ಅವನ ಬೆರಳು ಸುಮ್ಮನೆ ಆಡುತ್ತಿತ್ತು. ಹೆಸರಿಡುವ ಕೂಸು ಕೊನೆಯ ಸಾಲಿನವನ ಮಡಿಲಲ್ಲಿ ಕೂರಬೇಕೆಂಬುದು ನಮ್ಮಲ್ಲಿ ನಡೆದುಬಂದ ರೀತಿ. ಈ ಸಲವೂ ಇದ್ದದ್ದು ಅದೊಂದೇ ಕೂಸು, ಹಾಗಾಗಿ ಅದು ಹೊಸ ಲಂಗ ಹಾಕಿಕೊಂಡು ನನ್ನ ಮಡಿಲಲ್ಲಿತ್ತು. ಹೋದ ವರ್ಷವೂ ಅಲ್ಲೇ ಇತ್ತು. ಆಗ ನಿದ್ದೆ ಮಾಡಿತ್ತು.

ಮೊದಲಿಗೆ ಶೆಟ್ಟರ ಸ್ವಾಗತದ ಮಾತು. ಚಂದ್ರಭಾಗಿ ಬೆಳ್ಳಿಯ ಪಿಕ್ಕು ತೆಗೆದು ಮೀಟಿದಳು. ಚಾವಡಿ ಕಟ್ಟಿದವರ ವಂಶಾವಳಿಯಿಂದ ಹಿಡಿದು ಹೊಸ ಛಾವಣಿಯ ಹಂಚಿನವರೆಗೆ ಶೆಟ್ಟರ ಮಾತು ಒಂದೂ ಬಿಡದೆ ಕೊನೆಯ ಸಾಲಿಗೆ ಬಂತು. ಇಷ್ಟು ವರ್ಷ ಅವರ ಭಾಷಣದಲ್ಲಿ ನೆಮ್ಮದಿಯಾಗಿ ತೂಕಡಿಸುತ್ತಿದ್ದ ಹಿಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಪಕ್ಕದ ಸಾವಂತ್ರವ್ವ, "ಇದೇನು ಗ್ರಹಚಾರ, ಇವತ್ತು ಎಲ್ಲಾ ಕೇಳಿಸ್ತಿದೆ" ಅಂತ ಗೊಣಗಿದಳು. ಶೆಟ್ಟರಿಗೆ ಅದು ಕಾಣಲಿಲ್ಲ. ಜನ ಕಣ್ಣರಳಿಸಿ ಕೇಳುತ್ತಿದ್ದಾರೆಂದು ಅವರು ಇನ್ನೊಂದಿಷ್ಟು ಮಾತಾಡಿದರು.

ಅವರು ಕೂತ ಮೇಲೆ ಅವಳು ಬೆಳ್ಳಿಯ ಪಿಕ್ಕನ್ನು ವೀಳ್ಯದೆಲೆಯ ಮೇಲಿಟ್ಟು ದಪ್ಪ ಪಿಕ್ಕನ್ನು ಕೈಗೆ ತೆಗೆದುಕೊಂ‍ಡದ್ದು ನನಗೆ ಕಂಡಿತು. ಶೆಟ್ಟರು ಅರ್ಧ ಎದ್ದದ್ದೂ ಕಂಡಿತು. ಅವರಲ್ಲಿ ನಡೆದ ಮಾತು ನನಗೆ ತಿಳಿದದ್ದು ಆಮೇಲೆ, ಮುಂದಿನ ಸಾಲಿನವರ ಬಾಯಿಂದ.

"ಯಾಕಮ್ಮ, ಬೆಳ್ಳೀದು ಇಟ್ಬಿಟ್ಟೆ? ಮುಖ್ಯವಾದ್ದು ಈಗಲ್ವಾ ಇರೋದು?"

"ಅದು ನಿಮ್ಮ ದನಿಗೇ ಅಂತ ಎತ್ತಿಟ್ಟಿದ್ದೀನಿ ಶೆಟ್ರೇ. ಅದರ ಮೇಲೆ ಬೇರೆಯವರನ್ನ ಹತ್ತಿಸಲ್ಲ."

ಶೆಟ್ಟರು ಅವಳ ಕೈಯಲ್ಲಿದ್ದ ಸವಕಲು ಪಿಕ್ಕನ್ನು ನೋಡಿದರಂತೆ, ಶಾಂತವೀರಯ್ಯನವರನ್ನು ನೋಡಿದರಂತೆ. "ನಿಂಗೆ ಯಾವುದು ಸರಿ ಕಾಣುತ್ತೋ ಅದೇ ಹಿಡಿಯಮ್ಮ" ಅಂದು, ಕೂತು, ಕಣ್ಣು ಮುಚ್ಚಿಕೊಂಡರಂತೆ. ಅವರು ಕಣ್ಣು ಮುಚ್ಚಿದ್ದು ಬೇಸರದಿಂದಲ್ಲ ಎಂದು ಎಲ್ಲರೂ ಹೇಳಿದರು.

ಪದ್ಯ ಶುರುವಾಯಿತು. ಹೊಳೆಯಮ್ಮ ನೀರಿಗಿಳಿದಳು, ಸುಳಿ ದಾಟಿದಳು, ಆಚೆ ದಡ ಹತ್ತಿ ಹಿಂತಿರುಗಿ ನಿಂತಳು. ಶಾಂತವೀರಯ್ಯನವರು ನಿಲ್ಲಿಸಿದರು. ಚಂದ್ರಭಾಗಿ ಗಿಟಾರಿನ ಮೇಲೆ ಬಗ್ಗಿ, ದಪ್ಪ ತಂತಿಯನ್ನು ಒಂದೇ ಸಲ, ಯಾವ ಅವಸರವೂ ಇಲ್ಲದೆ ಮೀಟಿದಳು. ದನಿ ಹೊರಟಿತು. ಹಳೆಯ ಗೋಡೆ ಇದ್ದ ಕಡೆ ದಾಟಿತು. ನನ್ನ ಬೆನ್ನಿನ ಗೋಡೆಗೆ ಮುಟ್ಟಿ ಅಲ್ಲಿ ನಿಂತಿತು. ಅದರ ಮೇಲೆ ಇನ್ನೂ ಏನೂ ಇರಲಿಲ್ಲ. ಅವರು ಉಸಿರು ಎಳೆದುಕೊಳ್ಳುತ್ತಿದ್ದರು. ಆ ಉಸಿರು ಅಂದು ಹಿಂದಿನ ದಿನಕ್ಕಿಂತ ಉದ್ದವಾಗಿತ್ತು. ದನಿ ಕಾದಿತ್ತು. ಕಾಯುತ್ತಾ ಕಾಯುತ್ತಾ ಸಣ್ಣಗಾಗತೊಡಗಿತು. ನಾನು ಮನಸ್ಸಿನಲ್ಲೇ ಹೊಳೆಯಮ್ಮನ ಕಾಲು ಹಿಡಿದುಕೊಂಡೆ. ಇನ್ನು ಒಂದು ಎಳೆ ಉಳಿದಿತ್ತು, ಅಷ್ಟೇ, ಆಗ ಆ ಎಳೆಯ ಮೇಲೆ ಕಾಲಿಟ್ಟುಕೊಂಡು ಹೆಸರು ಬಂತು.

"ಕೇದಗೇ."

ನನ್ನ ಗುಂಡಿಯ ಜೊತೆ ಆಡುತ್ತಿದ್ದ ಮಗು ಕೈ ಬಿಟ್ಟು ತಲೆಯೆತ್ತಿತು. ಜಗಲಿಯ ಕಡೆ ತಿರುಗಿ "ಓ" ಅಂದಿತು.

ಅಷ್ಟು ಸಣ್ಣ ದನಿ ನಮ್ಮೂರಲ್ಲಿ ಎಲ್ಲಿಗೆ ಹೋದೀತು? ಕೇಳಿಸಿದ್ದು ನನಗೊಬ್ಬನಿಗೇ. ಆ ಹೆಸರನ್ನು ಅವಳವ್ವ ನಿದ್ದೆಹೋದ ಮಗಳ ಕಿವಿಗೆ ಹೇಳಿದ್ದಳೋ ಏನೋ, ನಾನು ಇವತ್ತಿನವರೆಗೂ ಕೇಳಿಲ್ಲ. ಚಾವಡಿಗೆ ಚಾವಡಿಯೇ ತಿರುಗಿ ನನ್ನನ್ನು ನೋಡುತ್ತಿತ್ತು. ನಾನು ಏಳಬೇಕಿತ್ತು, ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆ. "ಓ" ಅಂತ ಅವಳು ಇನ್ನೊಮ್ಮೆ ಅಂದಳು, ಕರೆದವರು ಯಾರೂ ಮಾತಾಡಲಿಲ್ಲವಲ್ಲ ಅಂತ ಸ್ವಲ್ಪ ಸಿಟ್ಟಿನಿಂದಲೇ. ಅವಳನ್ನು ಎತ್ತಿಕೊಂಡೇ ಎದ್ದೆ. ಕಂಬದ ಹತ್ತಿರ ದಾಮೋದರ ಎದ್ದು ನಿಂತ. ನಾನು ಗೋಡೆಯ ತಂತಿಗೆ ಕೈ ಹಾಕಿ ಮೀಟಿದೆ. ಅದು ಗುಂಯ್ಯೆಂದು ಏಳುತ್ತಿದ್ದ ಹಾಗೆ, ನಾನು ಬಾಯಿ ತೆರೆಯುವ ಮೊದಲೇ, ಕೇದಗೆ ನನ್ನ ಹೆಗಲ ಮೇಲಿಂದ ಮೂರನೆಯ ಸಲ ಓಗೊಟ್ಟಳು. ಅದು ತಂತಿಯ ದನಿ ಹತ್ತಿಕೊಂಡು ಅಷ್ಟು ತಲೆಗಳ ಮೇಲೆ ಹಾದು ಜಗಲಿಯವರೆಗೂ ಹೋಯಿತು. ಚಂದ್ರಭಾಗಿಯ ಕೈಯಿಂದ ಪಿಕ್ಕು ಕೆಳಗೆ ಬಿತ್ತು.

ನಾನು ಹೇಳಬೇಕಾದ್ದನ್ನೂ ಹೇಳಿದೆ. ನೇಮ ಅಂದರೆ ನೇಮ. "ಕೇದಗೆ, ಬಂತು" ಎನ್ನುವ ನನ್ನ ಮಾತು ಅವಳ ಓಗೊಡುವಿಕೆಯ ಹಿಂದೆ ಮೆಲ್ಲಗೆ ನಡೆದುಕೊಂಡು ಹೋಯಿತು.